ಕುರ್ಚಿಯ ತೂಕ

ಸಿರಿಂಜಿನ ತುದಿಯನ್ನು ಮೂಗಿನ ಹತ್ತಿರ ಹಿಡಿದು ಫ್ಲಾವಿ ಇನ್ನೊಮ್ಮೆ ಮೂಸಿದಳು. ಸೋಪಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಸಿಹಿಯಾದದ್ದು, ಸ್ವಲ್ಪ ಸುಟ್ಟ ಹಾಗಿನದು. ಇತ್ತೋ, ಇಡೀ ಅಡುಗೆಮನೆಗೇ ಆ ವಾಸನೆ ಇದ್ದುದರಿಂದ ಹಾಗನ್ನಿಸಿತೋ. ಅತ್ತೆ ದೆಲಿಮಾ ಒಲೆಯ ಮುಂದೆ ನಿಂತು ಹಳದಿ ಹಿಟ್ಟಿನ ಪ್ಲಾಯ್ ಹುಯ್ಯುತ್ತಿದ್ದಳು. ಒಂದೇ ಮಗ್ಗುಲು ಬೇಯುವ ಆ ದೋಸೆಗಳ ಮೇಲೆ ಸಣ್ಣ ಸಣ್ಣ ಕಣ್ಣುಗಳು ತೆರೆದುಕೊಳ್ಳುತ್ತಿದ್ದವು. ಪಕ್ಕದಲ್ಲಿ ಕಾಕಂಬಿಯ ಡಬ್ಬಿ, ಮುಚ್ಚಳ ತೆಗೆದೇ ಇತ್ತು. ಮುಚ್ಚಳ ಯಾಕೆ ತೆಗೆದಿದೆ? ಗಂಡ ಗೇತಾನ್ ಇನ್ನೂ ತಿನ್ನಲು ಬಂದಿಲ್ಲ. ಮುದುಕಿ ಬೆಳಿಗ್ಗೆ ಕಾಕಂಬಿ ಮುಟ್ಟುವವಳಲ್ಲ, ಅವಳಿಗೆ ಸಕ್ಕರೆ ಕಾಯಿಲೆ. ಹಾಗಾದರೆ ಯಾರಿಗೆ? ಫ್ಲಾವಿ ಸಿರಿಂಜನ್ನು ಮತ್ತೆ ತೊಳೆದಳು. ತೊಳೆಯುತ್ತಾ ಅತ್ತೆಯ ಬೆನ್ನನ್ನೇ ನೋಡಿದಳು. ಆ ಬೆನ್ನು ತನ್ನನ್ನು ನೋಡುತ್ತಿದೆ ಎಂಬುದು ಅವಳಿಗೆ ಖಾತ್ರಿಯಿತ್ತು. ಕಿಟಕಿಯ ಪಕ್ಕದ ಗಾಲಿಕುರ್ಚಿಯಲ್ಲಿ ಮಗ ರೆಮಿ ಒಂದು ಕಡೆಗೆ ತಲೆ ವಾಲಿಸಿಕೊಂಡು ಹೊರಗಿನ ಹಿಮ ಕರಗುವುದನ್ನು ನೋಡುತ್ತಿದ್ದ. ನೋಡುತ್ತಿದ್ದನೋ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದನೋ. ಅವನಿಗೆ ಆರು ವರ್ಷ. ನಡೆಯಲಾರ, ಮಾತಾಡಲಾರ, ನುಂಗಿದ್ದು ಶ್ವಾಸಕ್ಕೆ ಹೋಗುತ್ತದೆಂದು ಹೊಟ್ಟೆಗೇ ಒಂದು ಸಣ್ಣ ನಳಿಗೆ ಇಟ್ಟಿದ್ದಾರೆ. ಡಬ್ಬಿ ಹಾಲು ಅದರ ಮೂಲಕವೇ ಹೋಗಬೇಕು, ಇಷ್ಟೇ ಹೋಗಬೇಕು, ಬೇರೇನೂ ಹೋಗಬಾರದು.

ಬೇರೇನೋ ಹೋಗುತ್ತಿದೆ ಎಂದು ಮೊದಲು ಬಾಯಿ ಬಿಟ್ಟು ಹೇಳಿದವಳು ಆಸ್ಪತ್ರೆಯ ಆಹಾರತಜ್ಞೆ, ಹ್ಯಾಸ್ಕೆಲ್ ಎಂಬ ಉದ್ದ ಕತ್ತಿನ ಹೆಂಗಸು. ಹೇಳಿದಳು ಅನ್ನುವುದಕ್ಕಿಂತ ಕೇಳಿದಳು. ಜನವರಿಯಲ್ಲಿ. ಅವತ್ತು ನರ್ಸು ಕಾರಿಡಾರಿನಲ್ಲಿ ನಿಂತು, "ಎರಡು ಥರ ತೂಗಬಹುದಮ್ಮ. ನೀವು ಮಗೂನ ಎತ್ಕೊಂಡು ಮೇಲೆ ನಿಂತ್ಕೊಳ್ಳಿ, ಆಮೇಲೆ ನೀವೊಬ್ರೇ ನಿಂತ್ಕೊಳ್ಳಿ, ಕಳೆದುಬಿಡ್ತೀನಿ. ಇಲ್ಲಾಂದ್ರೆ ಕುರ್ಚಿ ಸಮೇತ ಹತ್ತಿಸಿ. ಖಾಲಿ ಕುರ್ಚಿ ತೂಕ ಹೋದ ಸಲದ್ದೇ ನಮ್ಮ ಹತ್ರ ಇದೆ" ಎಂದಿದ್ದಳು. ಕಾರಿಡಾರಿನ ಬೆಂಚಿನ ತುಂಬ ಜನ. ಒಬ್ಬ ಗಂಡಸು ಕಾಫಿ ಕುಡಿಯುತ್ತಾ ಇವರನ್ನೇ ನೋಡುತ್ತಿದ್ದ. ಆ ನರ್ಸು ತೂಕವನ್ನು ಬರೆದುಕೊಳ್ಳುವವಳಲ್ಲ, ಕೂಗಿ ಒಳಗಿನ ಇನ್ನೊಬ್ಬಳಿಗೆ ಹೇಳುವವಳು. ಫ್ಲಾವಿಯ ಕಿವಿ ಬಿಸಿಯಾಯಿತು. ಶಾಲೆಯಲ್ಲೂ ಹಾಗೇ ಕೂಗುತ್ತಿದ್ದರು, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳೂ ಹತ್ತಿ ಇಳಿಯುವಾಗ ಸಂಖ್ಯೆ ಕೂಗಿ. ಅವಳ ಸರದಿಯಲ್ಲಿ ಮುಳ್ಳು ನಿಲ್ಲುವವರೆಗೆ ಯಾರೂ ನಕ್ಕಿರಲಿಲ್ಲ, ಆಮೇಲೆ ಒಬ್ಬಳು ಹಿಂದಿನಿಂದ "ಒಂದು ಪೀಪಾಯಿ ಆಲೂಗಡ್ಡೆ" ಎಂದಿದ್ದಳು. ಅದಾದ ಮೇಲೆ ತೂಗುವ ದಿನ ಬಂದಾಗಲೆಲ್ಲ ಅವಳಿಗೆ ಹೊಟ್ಟೆನೋವು. ಹೊಟ್ಟೆನೋವಿನ ದಿನಗಳು ಹೆಚ್ಚುತ್ತಾ ಹೋಗಿ ಒಂದು ದಿನ ಶಾಲೆಯೇ ನಿಂತುಹೋಯಿತು. ಕಾರಣ ಏನೆಂದು ಯಾರಿಗೂ ಹೇಳಲಿಲ್ಲ, ಗೇತಾನ್‌ಗೂ. "ಕುರ್ಚಿ ಸಮೇತವೇ ತೂಗಿ" ಎಂದಳು ಅವಳು ನರ್ಸಿಗೆ. "ಅದೇ ಕುರ್ಚೀನಾ? ಏನೂ ಬದಲಾಗಿಲ್ವಾ?" ನರ್ಸು ಕೇಳಿದ್ದು ಸಹಜವಾಗಿಯೇ. "ಅದೇ" ಎಂದಳು ಫ್ಲಾವಿ. ಬೇಗ ಮುಗಿಯಲಿ ಎಂದು.

ಎಂಟು ಪೌಂಡು ಏರಿತ್ತು, ಶರತ್ಕಾಲದಿಂದ ಈಚೆಗೆ. ಹ್ಯಾಸ್ಕೆಲ್ ಕಂಪ್ಯೂಟರಿನಲ್ಲಿ ತೂಕದ ಗೆರೆ ನೋಡಿದಳು, ದಪ್ಪ ಬಟ್ಟೆ ಸುತ್ತಿಕೊಂಡಿದ್ದ ರೆಮಿಯನ್ನು ನೋಡಿದಳು, ಮತ್ತೆ ಗೆರೆ ನೋಡಿದಳು. "ನೋಡಿದ್ರೆ ಹಾಗೆ ಕಾಣಲ್ಲ," ಎಂದಳು. "ಆದ್ರೆ ಓಡಾಡದ ಮಕ್ಕಳಿಗೆ ಬಹಳ ಕಡಿಮೆ ಸಾಕು. ಮೇಲೆ ಹೋದ್ರೆ ಸೊಂಟದ ಕೀಲಿಗೆ ಕಷ್ಟ, ಉಸಿರಿಗೂ ಕಷ್ಟ, ಎತ್ತೋರಿಗೂ ಕಷ್ಟ. ಹಾಲು ಸ್ವಲ್ಪ ಇಳಿಸೋಣ." ಆಮೇಲೆ ಕನ್ನಡಕ ತೆಗೆದು, ದನಿ ತಗ್ಗಿಸಿ, "ಮನೇಲಿ ಬೇರೆ ಯಾರಾದ್ರೂ ಇವನಿಗೆ ಕೊಡ್ತಾರಾ?" ಎಂದು ಕೇಳಿದಳು. ಬೈದಿದ್ದರೆ ಫ್ಲಾವಿ ಸಹಿಸುತ್ತಿದ್ದಳು. ಆ ತಗ್ಗಿಸಿದ ದನಿ ಒಳಗೆ ಹೋಗಿ ಕೂತುಬಿಟ್ಟಿತು. ವಾಪಸು ಮನೆಗೆ ಅರ್ಧ ದಿನದ ದಾರಿ, ಎರಡೂ ಕಡೆ ಹಿಮದ ಗೋಡೆ. ಗೇತಾನ್ ಪಿಕಪ್ಪು ಓಡಿಸುತ್ತಾ ಏನೋ ಹಾಡು ಗುನುಗುತ್ತಿದ್ದ. ಅವಳು ಹಿಂದಿನ ಒಂದೊಂದು ದಿನವನ್ನೂ ಬಿಚ್ಚಿ ನೋಡುತ್ತಾ ಬಂದಳು. ತಾನು ಮಲಗಿದ್ದಾಗ ಅಡುಗೆಮನೆಯಲ್ಲಿ ಯಾರಿದ್ದರು, ತಾನು ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದಾಗ ಯಾರಿದ್ದರು, ಇಗರ್ಜಿಯಿಂದ ತಡವಾಗಿ ಬಂದ ದಿನ ರೆಮಿ ಯಾಕೆ ಅಷ್ಟು ಗೆಲುವಾಗಿದ್ದ. ಎಲ್ಲ ದಾರಿಗಳೂ ಒಂದೇ ಏಪ್ರನ್ನಿನ ಜೇಬಿಗೆ ಹೋಗಿ ಮುಟ್ಟುತ್ತಿದ್ದವು. ಮನೆಯವರೆಲ್ಲ ಮೆಮೇರ್, ಅಂದರೆ ಅಜ್ಜಿ, ಎಂದು ಕರೆಯುವ, ಬಡಕಲು ಮಗುವನ್ನು ಕಂಡರೆ ತನಗೇ ಯಾರೋ ಅವಮಾನ ಮಾಡಿದಂತೆ ಮುಖ ಸಿಂಡರಿಸುವ ಆ ಮುದುಕಿಯಲ್ಲದೆ ಇನ್ಯಾರು? ಈ ಕಣಿವೆಯಲ್ಲಿ ಎಲ್ಲರಂತೆ ಅವಳೂ ಆಲೂಗಡ್ಡೆ ಆರಿಸುತ್ತಲೇ ಒಂದು ಮನೆತುಂಬ ಮಕ್ಕಳನ್ನು ಬೆಳೆಸಿದವಳು. ತಿನ್ನಿಸುವುದು ಬಿಟ್ಟು ಬೇರೆ ಪ್ರೀತಿ ಅವಳಿಗೆ ಗೊತ್ತಿರಲಿಲ್ಲ.

ಮನೆಗೆ ಬಂದವಳೇ ಕೋಟು ಸಹ ಬಿಚ್ಚದೆ ಹೇಳಿದ್ದಳು. "ಇನ್ಮೇಲೆ ರೆಮಿನ ನೀವು ಮುಟ್ಟಬೇಡಿ ಮೆಮೇರ್. ಹಾಲು ಹಾಕೋದು, ಎತ್ತೋದು, ಮಲಗಿಸೋದು, ಎಲ್ಲ ನಾನೇ."

"ಮುಟ್ಟಬೇಡಿ ಅಂದ್ರೆ? ನಂಗೇನು ಕಜ್ಜಿ ಹತ್ತಿದ್ಯಾ?"

"ಡಾಕ್ಟರು ಹೇಳಿದಾರೆ."

"ಯಾವ ಡಾಕ್ಟರು? ನನ್ನ ಹೆಸರು ಹೇಳಿ ಹೇಳಿದ್ರಾ?" ಮುದುಕಿ ಮಗನ ಕಡೆ ತಿರುಗಿದಳು. ಗೇತಾನ್ ಬೂಟಿನ ಹಿಮ ಒದರುವುದರಲ್ಲಿ ಮುಳುಗಿದ್ದ. ಎರಡು ಹೆಂಗಸರ ನಡುವೆ ಸಿಕ್ಕಿದಾಗಲೆಲ್ಲ ಅವನ ಬೂಟಿನಲ್ಲಿ ಹಿಮ ಬಹಳ ಇರುತ್ತಿತ್ತು.

ಅಂದಿನಿಂದ ಫ್ಲಾವಿ ಕಾವಲು ಕೂತಳು. ಹಾಲಿನ ಡಬ್ಬಿಯ ಮುಚ್ಚಳವನ್ನು ಒಂದು ಗುರುತಿಗೆ ಸರಿಯಾಗಿ ತಿರುಗಿಸಿ ಇಡುತ್ತಿದ್ದಳು. ಸಿರಿಂಜುಗಳನ್ನು ತನ್ನ ಕೋಣೆಗೆ ಒಯ್ದಳು. ಅತ್ತೆ ಇಗರ್ಜಿಗೆ ಹೋದಾಗ ಅವಳ ಏಪ್ರನ್ನಿನ ಜೇಬಿಗೆ ಕೈ ಹಾಕಿ ನೋಡಿದಳು. ಸಿಕ್ಕಿದ್ದು ಒಂದು ಜಪಮಾಲೆ, ಒಂದು ಗುಂಡಿ, ಒಣಗಿದ ಕಿತ್ತಳೆ ಸಿಪ್ಪೆ. ಕಿತ್ತಳೆ ಸಿಪ್ಪೆ ಯಾಕೆ? ಮಗುವಿಗೆ ಮೂಸಿಸಲು ಇರಬಹುದು. ಮೂಸಿಸಲು ಮಾತ್ರವೇ? ಹಿಂದಿನ ದಿನಗಳೂ ಬೇರೆ ಬಣ್ಣಕ್ಕೆ ತಿರುಗತೊಡಗಿದವು. ಮೊದಲ ಹಿಮ ಬಿದ್ದ ವಾರ ತಾಯಿ ಮಗ ಇಬ್ಬರೂ ಶೆಡ್ಡಿನಲ್ಲಿ ಏನೋ ಗುಸುಗುಸು ಮಾತಾಡುತ್ತಿದ್ದರು, ತಾನು ಹೋದ ಕೂಡಲೇ ಸುಮ್ಮನಾಗಿದ್ದರು. ಮುದುಕಿಯ ಮಡಿಲಲ್ಲಿ ಗೇತಾನ್‌ನ ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು, ಸೂಜಿ, ದಪ್ಪ ದಾರ. ಏನು ಎಂದು ಕೇಳಿದ್ದಕ್ಕೆ "ನಿನ್ನ ಮಗ ಜಾರಬಾರ್ದು ಅಂತ" ಎಂದಿದ್ದಳು. ಚಳಿಗಾಲಕ್ಕೆ ಊರಿನವರೆಲ್ಲ ಪಿಕಪ್ಪಿನ ಹಿಂಭಾಗಕ್ಕೆ ಮರಳಿನ ಚೀಲ ಹೇರುವ ಸಮಯ ಅದು. ಹೇರದಿದ್ದರೆ ಹಿಂದಿನ ಚಕ್ರಕ್ಕೆ ಹಿಡಿತವಿಲ್ಲ. ಅವಳು ಆಗ ಅದನ್ನು ಅಷ್ಟಕ್ಕೇ ಬಿಟ್ಟಿದ್ದಳು. ಈಗ ನೆನಪಿಗೆ ಬಂದದ್ದು ಮರಳಲ್ಲ, ಆ ಗುಸುಗುಸು. ತನಗೆ ಗೊತ್ತಿಲ್ಲದ ಮಾತು ಈ ಮನೆಯಲ್ಲಿ ಎಷ್ಟು ನಡೆಯುತ್ತದೆ! ಮಾರ್ಚಿನಲ್ಲಿ ಮತ್ತೆ ಆಸ್ಪತ್ರೆಗೆ ಹೋದಾಗ, ಮತ್ತೆ ಕುರ್ಚಿ ಸಮೇತವೇ ಹತ್ತಿಸಿದಾಗ, ತೂಕ ಎರಡು ಪೌಂಡು ಇಳಿದಿತ್ತು. ಹ್ಯಾಸ್ಕೆಲ್ ನಕ್ಕಳು. "ಚೆನ್ನಾಗಿ ನೋಡ್ಕೊಂಡಿದೀರಿ. ಹೀಗೇ ಮುಂದುವರಿಸಿ." ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ, ಯಾವ ಕೆಲಸಕ್ಕೂ. ದಾರಿಯುದ್ದಕ್ಕೂ ಅವಳು ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಾ ಬಂದಳು. ಅನುಮಾನ ನಿಜವಾಯಿತಲ್ಲ, ಮುದುಕಿಯ ಕೈ ತಪ್ಪಿಸಿದೆ, ತೂಕ ಇಳಿಯಿತು. ಮನೆಗೆ ಬಂದು, ಯಾರೂ ಹೇಳದಿದ್ದರೂ, ಹಾಲನ್ನು ಇನ್ನೊಂದು ಚೂರು ಇಳಿಸಿ ಆ ಜಾಗಕ್ಕೆ ನೀರು ಹಾಕಿದಳು. ಮುಂದಿನ ಸಲ ಆ ಹೆಂಗಸು ಇನ್ನೂ ಜೋರಾಗಿ ನಗಲಿ ಎಂದು.

ಆ ಮುಂದಿನ ಸಲ ಬರುವ ಸೋಮವಾರ. ಈಗ ಏಪ್ರಿಲ್, ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ರೆಮಿ ಈಚೆಗೆ ಅಳುವುದಿಲ್ಲ. ಫೆಬ್ರವರಿಯಲ್ಲಿ ಊಟದ ಹೊತ್ತಿಗೆ ಎಲ್ಲರ ತಟ್ಟೆ ನೋಡಿ ಗಂಟಲಿನಲ್ಲಿ ಒಂದು ಸದ್ದು ಮಾಡುತ್ತಿದ್ದ, ಕುದಿಯುವ ಕೆಟಲಿನ ಹಾಗೆ, ಅದೂ ನಿಂತಿದೆ. ಕೈಕಾಲು ಸದಾ ತಣ್ಣಗೆ. ಬೆಳಿಗ್ಗೆಯೆಲ್ಲ ತೂಕಡಿಸುತ್ತಾನೆ. ಯಾಕೆ ತೂಕಡಿಸುತ್ತಾನೆ? ಸೇಡಿಗೆ ಮುದುಕಿ ನಿದ್ದೆ ಬರುವಂಥದ್ದೇನಾದರೂ ಕೊಡುತ್ತಿದ್ದಾಳೆಯೇ? ಅವಳ ಹಾಸಿಗೆಯ ಪಕ್ಕ ಎಷ್ಟೋ ಮಾತ್ರೆಗಳಿವೆ. ಹೀಗೆ ಯೋಚಿಸಿದಾಗ ಫ್ಲಾವಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು, ಆದರೆ ಯೋಚನೆ ಮಾತ್ರ ಮರುದಿನವೂ ಬಂದು ಅದೇ ಜಾಗದಲ್ಲಿ ಕೂರುತ್ತಿತ್ತು. ಅವನನ್ನು ಎತ್ತಿ ಸ್ನಾನಕ್ಕೆ ಒಯ್ಯುವಾಗ ತೋಳಿಗೆ ಏನೋ ಕಡಿಮೆ ಅನ್ನಿಸುತ್ತಿತ್ತು. ಎತ್ತಿ ಎತ್ತಿ ನನಗೇ ಬಲ ಬಂದಿದೆ ಎಂದುಕೊಳ್ಳುತ್ತಿದ್ದಳು. ತೋಳು ಏನು ಹೇಳಿದರೇನು, ಅಲ್ಲಿ ಗೆರೆ ಇದೆ, ಸಂಖ್ಯೆ ಇದೆ, ಓದಿದವರು ನೋಡಿದ್ದಾರೆ.

ಅವಳು ಸಿರಿಂಜನ್ನು ಒರೆಸಿ ರೆಮಿಯ ಹತ್ತಿರ ಹೋದಳು. ಬಾಯಿ ಒರೆಸಲು ಬಾಗಿದವಳು ಹಾಗೇ ನಿಂತಳು. ತುಟಿಯ ಮೂಲೆಯಲ್ಲಿ ಕಂದು ಬಣ್ಣದ ಒಂದು ಚುಕ್ಕೆ. ಬೆರಳಿನಿಂದ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡಳು. ಕಾಕಂಬಿ.

ಎದೆ ಡವಡವ ಹೊಡೆದುಕೊಂಡಿತು. ಆ ಬಡಿತದಲ್ಲಿ ಒಂದು ಬಗೆಯ ಸಂತೋಷವೂ ಇತ್ತು, ಅದು ಅವಳಿಗೆ ಗೊತ್ತಾಯಿತು. "ಮೆಮೇರ್."

ದೆಲಿಮಾ ಬೆಂದ ಪ್ಲಾಯ್ ಎತ್ತಿ ತಟ್ಟೆಗೆ ಹಾಕಿದಳು.

"ಮೆಮೇರ್, ಇದೇನಿದು?"

"ಯಾವುದು?"

"ಇಲ್ಲಿ ಬಂದು ನೋಡಿ. ಇವನ ಬಾಯಲ್ಲಿ."

"ಬರೋದು ಹೇಗೆ? ಮುಟ್ಟಬಾರ್ದು ಅಂತ ಹೇಳಿದೀಯಲ್ಲ, ದೂರ ನಿಂತ್ಕೊಂಡೇ ನೋಡ್ತೀನಿ ಬಿಡು." ಮುದುಕಿ ಒಲೆ ಆರಿಸಿದಳು. "ಬೆರಳ ತುದೀಲಿ ಮುಟ್ಟಿಸ್ದೆ. ತುಟಿಗೆ. ನುಂಗೋವಷ್ಟೂ ಇರ್ಲಿಲ್ಲ. ಮಗು ಕಣ್ಣು ಬಿಡ್ತು ಗೊತ್ತಾ? ಹದಿನೈದು ದಿನದಿಂದ ಬಿಡದೇ ಇದ್ದ ಕಣ್ಣನ್ನ ಅಷ್ಟಗಲ ಬಿಡ್ತು."

"ಎಷ್ಟು ದಿನದಿಂದ ನಡೀತಿದೆ ಇದು?"

"ಇವತ್ತೇ."

"ಸುಳ್ಳು."

"ಸುಳ್ಳೇ ಸರಿ. ನನ್ನ ಜೇಬು ನೋಡ್ದೋಳಿಗೆ ನನ್ನ ಬಾಯಿ ಮೇಲೆ ನಂಬಿಕೆ ಬರುತ್ತಾ?" ದೆಲಿಮಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಗುಂಡಿ ನೀನು ತಿರುಗಾ ಇಟ್ಟಿದ್ದು ಬೇರೆ ಜೇಬಿಗೆ, ಮಗಳೇ."

ಫ್ಲಾವಿಯ ಮುಖಕ್ಕೆ ರಕ್ತ ನುಗ್ಗಿತು. ಸಿಕ್ಕಿಬಿದ್ದವಳು ಅತ್ತೆಯೋ ತಾನೋ ತಿಳಿಯದಂತಾಯಿತು. "ನಿಮ್ಮಿಂದ ಇವನಿಗೆ ಎಂಟು ಪೌಂಡು ಏರಿತ್ತು," ಎಂದು ಕಿರುಚಿದಳು. "ನಾನು ಇಳಿಸಿದೆ! ಸೋಮವಾರ ಮತ್ತೆ ಏರಿದ್ರೆ ಏನು ಹೇಳ್ಲಿ ಅವರಿಗೆ?"

"ಏರಿತ್ತಾ? ಎಲ್ಲಿಗೆ ಏರಿತ್ತು? ತೊಡೆ ನೋಡೇ ಅವನ್ದು. ಕೋಳಿ ಕಾಲು!" ಮುದುಕಿ ದೂರದಿಂದಲೇ ರೆಮಿಯ ಕಾಲಿನತ್ತ ಬೆರಳು ತೋರಿಸಿದಳು. "ಏರಿದೆ ಅಂತ ಯಾರೋ ಹೇಳಿದ್ರೆ ಏರುತ್ತಾ? ನಾನು ಅವನಿಗೆ ಏನೂ ಕೊಟ್ಟಿಲ್ಲ. ಕೊಡಬೇಕಿತ್ತು. ನಿನ್ನ ಕಣ್ಣು ತಪ್ಪಿಸಿ ಕೊಡಬೇಕಿತ್ತು ಅಂತ ದಿನಾ ಜಪ ಮಾಡುವಾಗ ಅನ್ಕೋತೀನಿ. ಧೈರ್ಯ ಬರ್ಲಿಲ್ಲ."

ಅವಳು ಹೇಳುವುದು ನಿಜವಾದರೆ ಎಂಬ ಯೋಚನೆ ಫ್ಲಾವಿಗೆ ಆಗಲೂ ಬರಲಿಲ್ಲ. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದೇ ಅನ್ನಿಸಿತು. ಮಾತಿಗೆ ಮಾತು ಹುಡುಕುತ್ತಾ ಕುರ್ಚಿಯ ಹಿಡಿ ಹಿಡಿದು ರೆಮಿಯನ್ನು ಬಾಗಿಲಿಗೆ ತಳ್ಳಿಕೊಂಡು ಹೋದಳು, ಹೊರಗೆ, ಇಳಿಜಾರು ಹಲಗೆಯ ಮೇಲೆ, ಬಿಸಿಲಿಗೆ. ಅಂಗಳದಲ್ಲಿ ಗೇತಾನ್ ಪಿಕಪ್ಪಿನ ಹಿಂಭಾಗದಿಂದ ಮರಳಿನ ಚೀಲಗಳನ್ನು ಇಳಿಸುತ್ತಿದ್ದ. ಹಿಮ ಹೋದ ಮೇಲೆ ಅವುಗಳಿಂದ ಎಣ್ಣೆ ಖರ್ಚು ಅಷ್ಟೇ. ಒಂದೊಂದನ್ನೂ ಕೊಯ್ದು ಕೆಸರಿನ ಮೇಲೆ ಚೆಲ್ಲುತ್ತಿದ್ದ. ಒಳಗಿನ ಕೂಗು ಅವನಿಗೆ ಕೇಳಿಸಿರಲೇಬೇಕು. ಕೇಳಿಸಲಿಲ್ಲವೆಂಬ ಮುಖ ಮಾಡಿಕೊಂಡು ಬಂದು ಮಗನ ಕೆನ್ನೆ ಸವರಿದ. "ಏನಪ್ಪಾ ಸಾಹೇಬ್ರೇ, ನಿಮ್ಮ ಗಾಡೀದೂ ಇಳಿಸೋಣ್ವಾ?" ಎಂದು ಮಂಡಿಯೂರಿ, ಕುರ್ಚಿಯ ಸೀಟಿನ ಕೆಳಗೆ ಕೈ ಹಾಕಿ, ಕಪ್ಪು ಪಟ್ಟಿ ಬಿಚ್ಚಿ, ಏನನ್ನೋ ಎಳೆದು ಪಕ್ಕಕ್ಕೆ ಎಸೆದ.

ಅದು ಕೆಸರಿನಲ್ಲಿ ದೊಪ್ಪನೆ ಬಿತ್ತು.

ಜೀನ್ಸ್ ಪ್ಯಾಂಟಿನ ಒಂದು ಕಾಲು. ಒಳಗೆ ಮರಳು ತುಂಬಿ ಎರಡೂ ತುದಿ ದಪ್ಪ ದಾರದಿಂದ ಹೊಲಿದದ್ದು. ಬಿದ್ದಲ್ಲಿ ಕೆಸರು ಗುಳಿಯಾಯಿತು. ಫ್ಲಾವಿ ಆ ಗುಳಿಯನ್ನೇ ನೋಡುತ್ತಾ ನಿಂತಳು. ಕುರ್ಚಿ ಅವಳ ಕೈಯಲ್ಲಿ ಒಂದಿಷ್ಟು ಮುಂದಕ್ಕೆ ಸರಿಯಿತು, ತಾನಾಗಿಯೇ, ಹಗುರಾಗಿ. "ಇದು ಯಾವಾಗಿಂದ ಇದೆ ಇಲ್ಲಿ?"

"ಮೊದಲ್ನೇ ಹಿಮದಿಂದ. ಕುರ್ಚಿ ಹಲಗೆ ಮೇಲೆ ಜಾರ್ತಿತ್ತಲ್ಲ. ಅಮ್ಮ ಹೊಲಿದುಕೊಟ್ಲು. ನೀನೂ ನೋಡಿದೀಯಲ್ಲ?"

ನೋಡಿದ್ದಳು. ದಿನಾ ನೋಡಿದ್ದಳು, ಸೀಟಿನ ಕೆಳಗಿನ ನೀಲಿ ಬಟ್ಟೆಯನ್ನು; ಬಾಗಿಲ ಚಿಲಕವನ್ನು ನೋಡುವ ಹಾಗೆ. ಇಡೀ ಚಳಿಗಾಲ ಜೇಬು, ಮುಚ್ಚಳ, ಬೆರಳು ಎಲ್ಲವನ್ನೂ ಇಷ್ಟಿಷ್ಟೇ ಹಿಡಿದು ನೋಡಿದ ಕಣ್ಣು ಇದನ್ನು ಮಾತ್ರ ನೋಡಿಯೂ ಬಿಟ್ಟಿತ್ತು. ಅದೇ ಕುರ್ಚೀನಾ? ಅದೇ. ಏನೂ ಬದಲಾಗಿಲ್ವಾ? ಕಾರಿಡಾರಿನಲ್ಲಿ ಕಾಫಿ ಕುಡಿಯುತ್ತಿದ್ದ ಆ ಗಂಡಸಿನ ಮುಖ ಈಗ ನೆನಪಿಗೂ ಬರಲಿಲ್ಲ. ಅವನಿಗಾಗಿ. ಯಾರೆಂದೇ ಗೊತ್ತಿಲ್ಲದ ಅವನೊಬ್ಬನ ಮುಂದೆ ತನ್ನ ಮೈಯ ಸಂಖ್ಯೆ ಕೇಳಿಸದಿರಲಿ ಎಂದು. ಅವಳು ಬಗ್ಗಿ ರೆಮಿಯ ಪಟ್ಟಿಗಳನ್ನು ಬಿಚ್ಚಿದಳು. ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಇಷ್ಟು ದಿನ ಹೇಳುತ್ತಿದ್ದುದನ್ನೇ ತೋಳು ಮತ್ತೆ ಹೇಳಿತು.

"ಎಲ್ಲಿಗೆ?" ಎಂದ ಗೇತಾನ್.

ಅವಳು ಆಗಲೇ ರಸ್ತೆ ದಾಟುತ್ತಿದ್ದಳು. ಎದುರಿಗೇ ಅವನು ಕೆಲಸ ಮಾಡುವ ಆಲೂಗಡ್ಡೆ ಉಗ್ರಾಣ, ಅರ್ಧ ನೆಲದೊಳಗೆ ಹೂತಿಟ್ಟಂಥ ಕಟ್ಟಡ. ಒಳಗೆ ತೇವದ ಮಣ್ಣಿನ ವಾಸನೆ, ಆಲೂಗಡ್ಡೆ ಸಾಗಿಸಿ ಆರಿಸುವ ಪಟ್ಟೆಯ ಗಡಗಡ. ಇಷ್ಟು ವರ್ಷದಲ್ಲಿ ಅವಳು ಆ ಬಾಗಿಲ ಆಚೆಗೆ ಊಟದ ಡಬ್ಬಿ ಕೊಟ್ಟು ಓಡಿಬಂದವಳೇ ಹೊರತು ಒಳಗೆ ಕಾಲಿಟ್ಟವಳಲ್ಲ. ಪೀಪಾಯಿ ತೂಗುವ ಕಬ್ಬಿಣದ ಹಲಗೆ ಬಾಗಿಲ ಪಕ್ಕದಲ್ಲೇ ಇತ್ತು, ಅದರ ಹಿಂದೆ ಮೇಸ್ತ್ರಿ ಕ್ಲೋವಿಸ್ ಸ್ಟೂಲಿನ ಮೇಲೆ ಕೂತಿದ್ದ. ಗಂಡಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಯಾರೋ ಪಟ್ಟೆಯ ಯಂತ್ರ ಬಂದ್ ಮಾಡಿದರು.

ಫ್ಲಾವಿ ಮಗುವಿನ ಜೊತೆ ಹಲಗೆಯ ಮೇಲೆ ಹತ್ತಿದಳು. "ಓದಿ," ಎಂದಳು.

"ಇಲ್ಲಿ ಆಲೂಗಡ್ಡೆ ತೂಗೋದು ತಾಯಿ," ಎಂದ ಕ್ಲೋವಿಸ್, ನಗುವ ಮುಂಚೆಯೇ ಬಾಯಿ ಅಗಲಿಸಿ. ಅವಳ ಮುಖ ನೋಡಿ ಮುಚ್ಚಿಕೊಂಡ. ಮುಳ್ಳನ್ನು ನೋಡಿ, ಗಂಟಲು ಸರಿಮಾಡಿಕೊಂಡು, ಅವಳಿಗೆ ಮಾತ್ರ ಕೇಳುವಂತೆ ಏನೋ ಅಂದ.

"ಜೋರಾಗಿ ಓದಿ."

"ಇನ್ನೂರ ನಲವತ್ತೆರಡು."

ಅವಳು ಇಳಿಯಬೇಕಿತ್ತು, ಮಗುವನ್ನು ಯಾರಿಗಾದರೂ ಕೊಟ್ಟು ಒಬ್ಬಳೇ ಹತ್ತಬೇಕಿತ್ತು. ತಿರುಗಿ ನೋಡಿದಳು. ಬಾಗಿಲಲ್ಲಿ ಗೇತಾನ್ ಇದ್ದ, ಮೈಯೆಲ್ಲ ಮರಳು ಕೆಸರು. ಅವನ ಹಿಂದೆ ದೆಲಿಮಾ, ಏಪ್ರನ್ನಿನಲ್ಲೇ, ಮನೆಯೊಳಗಿನ ಚಪ್ಪಲಿಯಲ್ಲೇ ಬಂದಿದ್ದಳು. ಗೇತಾನ್ ಕೈ ಚಾಚಿದ. ಫ್ಲಾವಿ ಹಲಗೆ ಇಳಿದು ಅವನನ್ನು ದಾಟಿ ಹೋಗಿ ಅತ್ತೆಯ ಮುಂದೆ ನಿಂತಳು. ರೆಮಿಯನ್ನು ಮುಂದೆ ಹಿಡಿದಳು. ಮುದುಕಿ ಕೂಡಲೇ ತೆಗೆದುಕೊಳ್ಳಲಿಲ್ಲ. ಇದೂ ಒಂದು ಪರೀಕ್ಷೆಯೋ, ಮುಟ್ಟಿದ ಮೇಲೆ ಇನ್ನೇನೋ ಹೊರಿಸುತ್ತಾಳೋ ಎಂಬಂತೆ ಸೊಸೆಯ ಮುಖವನ್ನೂ ಕೈಯನ್ನೂ ನೋಡಿದಳು. ಆಮೇಲೆ ತೆಗೆದುಕೊಂಡಳು. ತೆಗೆದುಕೊಂಡ ಕ್ಷಣ ಅವಳ ತೋಳು, ಇನ್ನೂ ಭಾರವಾದದ್ದಕ್ಕೆ ಸಿದ್ಧವಾಗಿದ್ದ ತೋಳು, ಸರಕ್ಕನೆ ಮೇಲಕ್ಕೆ ಹೋಯಿತು.

ಫ್ಲಾವಿ ಒಬ್ಬಳೇ ಮತ್ತೆ ಹಲಗೆ ಹತ್ತಿದಳು. "ಇನ್ನೂರ ಹತ್ತು," ಎಂದ ಕ್ಲೋವಿಸ್, ಜೋರಾಗಿಯೇ, ಅವಳು ಕೇಳುವ ಮೊದಲೇ. ಯಾರೂ ನಗಲಿಲ್ಲ. ನಕ್ಕಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ, ಅವಳು ಕಳೆಯುತ್ತಿದ್ದಳು. ಮೂವತ್ತೆರಡು. ಶರತ್ಕಾಲದಲ್ಲಿ ಮೂವತ್ತೇಳಿತ್ತು. ಅದೂ ಈ ಆರು ತಿಂಗಳಲ್ಲಿ ಬೆಳೆಯಬೇಕಿದ್ದ ಮಗು.

"ಅದೊಂದು ಸಣ್ಣ ಚೀಲ," ಎಂದ ಗೇತಾನ್. "ನಂಗೆ ಹೊಳೀಲೇ ಇಲ್ಲ." ಅವನು ಕೆಳಗೆ ತನ್ನ ಬೂಟುಗಳನ್ನು ನೋಡಿಕೊಂಡ. ಅವುಗಳಲ್ಲಿ ಒದರಲು ಹಿಮ ಇರಲಿಲ್ಲ.

ದೆಲಿಮಾ ಮಗುವಿನ ಕಾಲನ್ನು ಏಪ್ರನ್ನಿನಲ್ಲಿ ಸುತ್ತಿ ಬೆಚ್ಚಗೆ ಹಿಡಿದಿದ್ದಳು. ರೆಮಿ ಅವಳ ಕುತ್ತಿಗೆಗೆ ಮೂಗು ಒತ್ತಿ, ಗಂಟಲಿನಲ್ಲಿ ಆ ಹಳೆಯ ಸದ್ದನ್ನು ಸಣ್ಣಗೆ ಮಾಡಿದ. "ಆ ಚೀಲ ಹೊಲಿದೋಳು ನಾನು. ನಂಗೂ ಹೊಳೀಲಿಲ್ಲ," ಎಂದಳು ಮುದುಕಿ. ಆಮೇಲೆ ಸೊಸೆಯ ಕಡೆ ನೋಡಿ, "ಅಲ್ಲಿ ಯಾರೂ ಕೇಳ್ಲಿಲ್ವಾ ಫ್ಲಾವಿ? ಕುರ್ಚೀಲಿ ಏನಾದ್ರೂ ಇದೆಯಾ ಅಂತ?"

ಇಲ್ಲ ಎನ್ನಬಹುದಿತ್ತು. ಗೇತಾನ್ ಅವತ್ತು ಗಾಡಿ ನಿಲ್ಲಿಸಲು ಹೋಗಿದ್ದ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಒಂದು ಪದ ಅವಳ ನಾಲಿಗೆಯ ಮೇಲೆ ಬಂದು ಕೂತೂ ಇತ್ತು, ಜನವರಿಯಲ್ಲಿ ಬಂದಷ್ಟೇ ಸುಲಭವಾಗಿ.

"ಕೇಳಿದ್ರು," ಎಂದಳು.

ಅವಳು ಹಲಗೆಯಿಂದ ಇಳಿದು ಮಗನಿಗಾಗಿ ಎರಡೂ ಕೈ ಚಾಚಿದಳು. ದೆಲಿಮಾ ಆ ಕೈಗಳನ್ನು ನೋಡಿದಳು. ಇಡೀ ಚಳಿಗಾಲ ಫ್ಲಾವಿ ಮುದುಕಿಯ ಕೈಗಳನ್ನು ನೋಡಿದ್ದ ಹಾಗೆಯೇ, ಬೆರಳಿನಿಂದ ಬೆರಳಿಗೆ, ನಿಧಾನವಾಗಿ. ಆಮೇಲೆ ಮಗುವನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಮೊದ್ಲು ಹೋಗಿ ಆಸ್ಪತ್ರೆಗೆ ಫೋನ್ ಮಾಡು," ಎಂದಳು. "ನೀನು ಮಾತಾಡೋದು ನಂಗೆ ಕೇಳಿಸ್ಬೇಕು."